ಟ್ರೇ, ಮೆಟ್ಟಿಲು, ಗ್ರೈಂಡರ್: ಕೆಲಸ, ಶಕ್ತಿ, ಸಾಮರ್ಥ್ಯವನ್ನು ಅಳೆದು ಕಲಿಯುವ ಬಗೆ

"ಸರ್, ದಿನಕ್ಕೆ ಎಂಟು ತಾಸು ಟ್ರೇ ಹೊತ್ತು ಓಡಾಡುತ್ತೇನೆ. ಪುಸ್ತಕದಲ್ಲಿ ನೋಡಿದರೆ ಅದು ಕೆಲಸವೇ ಅಲ್ಲ ಎಂದು ಬರೆದಿದೆ."

ಮುಂಬಯಿಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದ ದಿನಗಳವು. ಹೀಗೆ ಕೇಳಿದ ಹುಡುಗ ಹಗಲು ಹೋಟೆಲಿನಲ್ಲಿ ಸಪ್ಲೈಯರ್, ರಾತ್ರಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಅವನ ದನಿಯಲ್ಲಿದ್ದ ನೋವು ನನಗೆ ಇವತ್ತಿಗೂ ನೆನಪಿದೆ. ಆ ದಿನ ನಾನು ಪುಸ್ತಕದ ಉತ್ತರವನ್ನೇ ಹೇಳಿದೆ: ಟ್ರೇಯ ಭಾರ ಕೆಳಮುಖ, ನೀನು ನಡೆಯುವುದು ಅಡ್ಡಡ್ಡ, ನಡುವಿನ ಕೋನ 90 ಡಿಗ್ರಿ, ಆದ್ದರಿಂದ ಕೆಲಸ ಸೊನ್ನೆ. ಅವನು ತಲೆ ತಗ್ಗಿಸಿ ಬರೆದುಕೊಂಡ. ಅವನಿಗೆ ನಂಬಿಕೆ ಬಂದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಮರುವಾರ ನಾನು ಒಂದು ಅಳತೆ ಟೇಪು, ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಮತ್ತು ಗಡಿಯಾರ ಹಿಡಿದು ತರಗತಿಗೆ ಹೋದೆ. ಅಲ್ಲಿಂದ ಮುಂದೆ ಈ ಪಾಠವನ್ನು ಅಳತೆಯಿಲ್ಲದೆ ಕಲಿಸಿದ್ದೇ ಇಲ್ಲ.

ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ತಂದೆತಾಯಿಗಳಿಗೆ, ಟ್ಯೂಷನ್ ಕೊಡುವ ಅಣ್ಣ ಅಕ್ಕಂದಿರಿಗೆ, ತಾವೇ ಓದಿಕೊಳ್ಳುವ ವಿದ್ಯಾರ್ಥಿಗಳಿಗೆ ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಕಾಗುವ ಸಾಮಾನು ಕಡಿಮೆ: ಅಳತೆ ಟೇಪು, ತೂಕ ನೋಡುವ ಯಂತ್ರ, ಸಮಯ ಅಳೆಯಲು ಮೊಬೈಲ್, ಒಂದು ಹಳೆಯ ವಿದ್ಯುತ್ ಬಿಲ್ಲು, ಮತ್ತು ನಿಮ್ಮ ಕಟ್ಟಡದ ಮೆಟ್ಟಿಲು.

ಮೊದಲು ಪದಗಳ ಗಂಟು ಬಿಡಿಸಿ

ಲೆಕ್ಕಕ್ಕೆ ಕೈ ಹಾಕುವ ಮೊದಲು ಒಂದು ಸಂಜೆಯನ್ನು ಪದಗಳಿಗೇ ಕೊಡಿ. ಮುಂಬಯಿ, ಪುಣೆಯ ಕನ್ನಡ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಕನ್ನಡ ಪುಸ್ತಕದಲ್ಲಿ 'ಶಕ್ತಿ' ಎಂದರೆ ಎನರ್ಜಿ, 'ಸಾಮರ್ಥ್ಯ' ಎಂದರೆ ಪವರ್. ಮರಾಠಿ ಪುಸ್ತಕದಲ್ಲಿ ಎನರ್ಜಿಗೆ 'ಊರ್ಜಾ', ಪವರ್‌ಗೆ 'ಶಕ್ತಿ'. ಅಂದರೆ ಒಂದೇ ಪದ ಎರಡು ಭಾಷೆಗಳಲ್ಲಿ ಎರಡು ಬೇರೆ ಬೇರೆ ರಾಶಿಗಳನ್ನು ಹೇಳುತ್ತದೆ. ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತದೆ, ಪಕ್ಕದ ಮನೆಯ ಗೆಳೆಯ ಮರಾಠಿ ಮಾಧ್ಯಮದಲ್ಲಿ ಓದುತ್ತಾನೆ, ಇಬ್ಬರೂ ಕೂಡಿ ಅಭ್ಯಾಸ ಮಾಡುತ್ತಾರೆ. ಇಬ್ಬರೂ 'ಶಕ್ತಿ' ಎನ್ನುತ್ತಾರೆ, ಒಬ್ಬನ ಉತ್ತರ ಜೂಲ್‌ನಲ್ಲಿ, ಇನ್ನೊಬ್ಬನದು ವ್ಯಾಟ್‌ನಲ್ಲಿ.

ಇದು ಸಾಲದೆಂಬಂತೆ ಮನೆಮಾತಿನಲ್ಲಿ ನಾವು 'ಶಕ್ತಿ'ಯನ್ನು ಮೂರನೆಯ ಅರ್ಥದಲ್ಲಿ ಬಳಸುತ್ತೇವೆ. "ಭೀಮನಿಗೆ ಎಂಥ ಶಕ್ತಿ!" ಎಂದಾಗ ನಮ್ಮ ಮನಸ್ಸಿನಲ್ಲಿರುವುದು ಎತ್ತುವ, ತಳ್ಳುವ ತಾಕತ್ತು. ಪುಸ್ತಕದ ಭಾಷೆಯಲ್ಲಿ ಅದು 'ಬಲ'.

ಆದ್ದರಿಂದ ಮೊದಲ ಹೆಜ್ಜೆ ಇದು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕು ಪದಗಳನ್ನು ಅವುಗಳ ಮಾನದೊಂದಿಗೆ ಬರೆಸಿ: ಬಲ, ನ್ಯೂಟನ್. ಕೆಲಸ, ಜೂಲ್. ಶಕ್ತಿ, ಅದೂ ಜೂಲ್. ಸಾಮರ್ಥ್ಯ, ವ್ಯಾಟ್. ಕೆಲವು ಹಳೆಯ ಪುಸ್ತಕಗಳಲ್ಲಿ ಕೆಲಸಕ್ಕೆ 'ಕಾರ್ಯ' ಎಂದಿರುತ್ತದೆ, ಎರಡೂ ಒಂದೇ. ಮುಂದೆ ಮಗು 'ಶಕ್ತಿ' ಎಂದಾಗಲೆಲ್ಲ "ಅದನ್ನು ಯಾವುದರಲ್ಲಿ ಅಳೆಯುತ್ತೀಯ?" ಎಂದು ಕೇಳಿ. ಹತ್ತು ದಿನ ಹೀಗೆ ಕೇಳಿದರೆ ಗಂಟು ತಾನಾಗಿಯೇ ಸಡಿಲವಾಗುತ್ತದೆ. ಕೆಲಸಕ್ಕೂ ಶಕ್ತಿಗೂ ಒಂದೇ ಮಾನ ಏಕೆ ಎಂದು ಮಗು ಕೇಳಿದರೆ ಸಂತೋಷಪಡಿ. ಕೆಲಸ ಮಾಡಿಸಿಕೊಂಡ ವಸ್ತುವಿನಲ್ಲಿ ಆ ಕೆಲಸ ಶಕ್ತಿಯಾಗಿ ಸೇರುತ್ತದೆ. ಗಲ್ಲೆಯಲ್ಲಿ ಕುಳಿತವರು ಎಣಿಸಿ ಕೊಟ್ಟ ನೋಟು ನಮ್ಮ ಜೇಬು ಸೇರಿದರೂ ರೂಪಾಯಿ ರೂಪಾಯಿಯೇ ತಾನೆ.

ಟ್ರೇಯ ಲೆಕ್ಕ

ಈಗ ಕೆಲಸವನ್ನು ಅಳೆಯೋಣ. ಸೂತ್ರ ಸರಳ: ಬಲವನ್ನು ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಬೇಕು. ಒಂದು ನ್ಯೂಟನ್ ಬಲದಿಂದ ಒಂದು ಮೀಟರ್ ಸರಿಸಿದರೆ ಒಂದು ಜೂಲ್. ಕೈಗೆ ಅದರ ಅಂದಾಜು ಸಿಗಬೇಕೆಂದರೆ ಸುಮಾರು 100 ಗ್ರಾಂ ತೂಗುವ ಏನನ್ನಾದರೂ, ಒಂದು ಸಣ್ಣ ಟೊಮೆಟೊ ಎನ್ನಿ, ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಎತ್ತಿಸಿ. ಅದೇ ಒಂದು ಜೂಲ್. ಎಷ್ಟು ಚಿಕ್ಕದೆಂದು ಮಗುವಿಗೇ ಅಚ್ಚರಿಯಾಗುತ್ತದೆ.

ನಮ್ಮ ಸಪ್ಲೈಯರ್ ಹುಡುಗನ ಟ್ರೇಯನ್ನು ಅಂದು ತರಗತಿಯಲ್ಲೇ ಹೀಗೆ ಲೆಕ್ಕ ಹಾಕಿದೆವು. ತಟ್ಟೆ, ಲೋಟ, ಸಾಂಬಾರು ಸೇರಿ 4 ಕಿಲೊ. ಒಂದು ಕಿಲೊವನ್ನು ಭೂಮಿ 9.8 ನ್ಯೂಟನ್ ಬಲದಿಂದ ಎಳೆಯುತ್ತದೆ, ಆದ್ದರಿಂದ ಅದನ್ನು ಹಿಡಿದಿಡಲು ಬೇಕಾದ ಬಲ 4 × 9.8, ಅಂದರೆ 39.2 ನ್ಯೂಟನ್. ಅಡುಗೆಮನೆಯ ಕಟ್ಟೆ ನೆಲದಿಂದ 90 ಸೆಂಟಿಮೀಟರ್, ಅವನ ಹೆಗಲು 140. ಕಟ್ಟೆಯಿಂದ ಹೆಗಲಿಗೆ ಅರ್ಧ ಮೀಟರ್ ಎತ್ತುವಾಗ ಅವನು ಟ್ರೇಯ ಮೇಲೆ ಮಾಡಿದ ಕೆಲಸ 19.6 ಜೂಲ್. ಬಳಿಕ ಹನ್ನೆರಡು ಮೀಟರ್ ನಡಿಗೆ. ಟ್ರೇ ಏರಲಿಲ್ಲ, ಇಳಿಯಲಿಲ್ಲ. ಹೊರಡುವಾಗ ಮುಂದಕ್ಕೆ ಕೊಟ್ಟ ಸಣ್ಣ ನೂಕು, ನಿಲ್ಲುವಾಗ ಹಿಂದಕ್ಕೆ ಹಿಡಿದ ತಡೆ, ಇವೆರಡೂ ಒಂದನ್ನೊಂದು ಕಳೆದುಕೊಂಡವು. ಕೊನೆಗೆ 75 ಸೆಂಟಿಮೀಟರ್ ಎತ್ತರದ ಮೇಜಿನ ಮೇಲೆ ಮೆಲ್ಲಗೆ ಇಳಿಸಿದ. ಇಲ್ಲಿ ಕೈಯ ಬಲ ಮೇಲಕ್ಕೆ, ಟ್ರೇ ಸರಿದದ್ದು ಕೆಳಕ್ಕೆ. ಬಲಕ್ಕೂ ಚಲನೆಗೂ ವಿರೋಧವಿದ್ದಾಗ ಕೆಲಸ ಋಣ: 0.65 ಮೀಟರ್‌ಗೆ 25.5 ಜೂಲ್ ಕಳೆಯಿತು. ಒಟ್ಟು ನೋಡಿದರೆ ಸುಮಾರು 5.9 ಜೂಲ್ ಋಣ. ಮೇಜು ಕಟ್ಟೆಗಿಂತ 15 ಸೆಂಟಿಮೀಟರ್ ತಗ್ಗಿನಲ್ಲಿದೆ. ಅಷ್ಟು ತಗ್ಗಿಗೆ ಸಲ್ಲಬೇಕಾದದ್ದು ಅಷ್ಟೇ. ಧನ, ಋಣ, ಸೊನ್ನೆ, ಮೂರೂ ಬಗೆಯ ಕೆಲಸ ಒಂದೇ ಟ್ರೇಯಲ್ಲಿ ಸಿಗುತ್ತದೆ. ಈ ಉದಾಹರಣೆಯನ್ನು ನಾನು ಆಮೇಲೆ ಬಿಡಲೇ ಇಲ್ಲ.

"ಹಾಗಾದರೆ ನನಗೆ ಆಯಾಸ ಏಕೆ?" ಅದೇ ನಿಜವಾದ ಪ್ರಶ್ನೆ. ಇದನ್ನು ಹಾರಿಸಿ ಮುಂದೆ ಹೋಗುವ ಶಿಕ್ಷಕರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಗೋಡೆಗೆ ಹೊಡೆದ ಮೊಳೆ ಒಂದು ಚೀಲವನ್ನು ವರ್ಷಗಟ್ಟಲೆ ಹೊತ್ತು ನಿಲ್ಲಬಲ್ಲದು, ಅದಕ್ಕೆ ಏನೂ ಖರ್ಚಿಲ್ಲ. ನಮ್ಮ ಸ್ನಾಯು ಹಾಗಲ್ಲ. ಅದರ ಸಾವಿರಾರು ಎಳೆಗಳು ಸರದಿಯ ಮೇಲೆ ಬಿಗಿಯುತ್ತ, ಸಡಿಲವಾಗುತ್ತ ಇದ್ದರೆ ಮಾತ್ರ ಕೈ ಮೇಲೆ ನಿಲ್ಲುತ್ತದೆ. ಪ್ರತಿ ಬಿಗಿತಕ್ಕೂ ಉಂಡ ಅನ್ನದ ರಾಸಾಯನಿಕ ಶಕ್ತಿ ಖರ್ಚಾಗುತ್ತದೆ, ಖರ್ಚಾದದ್ದು ಶಾಖವಾಗುತ್ತದೆ, ಶಾಖ ಬೆವರಾಗಿ ಹೊರಬರುತ್ತದೆ. ಹುಡುಗನ ದೇಹ ಸುಮ್ಮನಿರಲಿಲ್ಲ. ಟ್ರೇಗೆ ಸಂದ ಶಕ್ತಿ ಸೊನ್ನೆ ಎಂದಷ್ಟೇ ಪುಸ್ತಕ ಹೇಳುತ್ತದೆ. ಯಾವುದರ ಮೇಲೆ ಆದ ಕೆಲಸ ಎಂಬ ಪ್ರಶ್ನೆ ಕೇಳದೆ 'ಕೆಲಸ' ಎಂಬ ಪದ ಬಳಸಬಾರದು. ಇದನ್ನು ಹೇಳಿದಾಗ ಆ ಹುಡುಗನ ಮುಖ ಅರಳಿದ್ದನ್ನು ನಾನು ಕಂಡೆ.

ಓರೆಯಾಗಿ ಎಳೆಯುವುದಕ್ಕೆ ಚಕ್ರದ ಸೂಟ್‌ಕೇಸ್ ಸಾಕು. ದಾದರ್‌ನಲ್ಲಿ ಊರಿನ ರೈಲಿಗೆಂದು ಪ್ಲಾಟ್‌ಫಾರಂ ಮೇಲೆ 40 ಮೀಟರ್ ಎಳೆದಿರಿ, ಹಿಡಿಕೆಯ ಬಲ 50 ನ್ಯೂಟನ್, ಹಿಡಿಕೆ ನೆಲಕ್ಕೆ 60 ಡಿಗ್ರಿ ಓರೆ ಎಂದಿಟ್ಟುಕೊಳ್ಳಿ. ಬಲದ ಎಷ್ಟು ಪಾಲು ಮುಂದಕ್ಕೆ ಸಲ್ಲುತ್ತದೆ ಎಂದು ಹೇಳುವುದು ಆ ಕೋನದ ಕೊಸೈನ್, ಇಲ್ಲಿ ಅದು ಅರ್ಧ. ಆದ್ದರಿಂದ ಕೆಲಸ 2,000 ಅಲ್ಲ, 1,000 ಜೂಲ್. ಹಿಡಿಕೆಯನ್ನು ಉದ್ದ ಮಾಡಿ ತಗ್ಗಿಸಿ ಎಳೆದರೆ ಬಲದ ಹೆಚ್ಚು ಪಾಲು ಮುಂದಕ್ಕೆ ಸಲ್ಲುತ್ತದೆ.

ದಾರಿ ಉದ್ದವಾದರೆ ಕೆಲಸ ಹೆಚ್ಚುವುದೇ?

ಮುಂಬಯಿಯಿಂದ ಪುಣೆಯ ದಾರಿಯಾಗಿ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ ಕನ್ನಡಿಗರಿಗೆ ಭೋರ್ ಘಾಟ್ ಗೊತ್ತು. ಕರ್ಜತ್ ಸಮುದ್ರಮಟ್ಟಕ್ಕೆ ಹತ್ತಿರ, ಲೋಣಾವಳ 600 ಮೀಟರ್‌ಗೂ ಮೇಲೆ. ನಡುವೆ ಏರಬೇಕಾದದ್ದು ಸುಮಾರು 550 ಮೀಟರ್. 1863ರಲ್ಲಿ ತೆರೆದ ಈ ಘಾಟ್ ಮಾರ್ಗದ ಅತಿ ಕಡಿದಾದ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಸಾಗಿದಾಗ ಒಂದು ಮೀಟರ್ ಮೇಲಕ್ಕೆ. ಘಾಟ್ ಏರುವ ಭಾರದ ರೈಲುಗಳನ್ನು ಹಿಂದಿನಿಂದ ತಳ್ಳಲು ಕರ್ಜತ್‌ನಲ್ಲಿ ಬೇರೆ ಎಂಜಿನ್‌ಗಳನ್ನು ಜೋಡಿಸುವುದನ್ನು ಕಿಟಕಿಯಿಂದ ಎಷ್ಟೋ ಜನ ನೋಡಿರುತ್ತೀರಿ.

ಒಂದು ಸಾವಿರ ಟನ್ ತೂಕದ ರೈಲು ಎಂದಿಟ್ಟುಕೊಂಡು ಮಗುವಿನಿಂದ ಲೆಕ್ಕ ಹಾಕಿಸಿ. ನೇರವಾಗಿ ಮೇಲಕ್ಕೆ ಎತ್ತುವುದಾದರೆ 98 ಲಕ್ಷ ನ್ಯೂಟನ್ ಬಲ ಬೇಕು. 37ಕ್ಕೆ 1ರ ಏರಿನಲ್ಲಿ ಅದರ 37ನೆಯ ಒಂದು ಪಾಲು, ಸುಮಾರು 2.65 ಲಕ್ಷ ನ್ಯೂಟನ್ ಸಾಕು. ಬಲ 37 ಪಟ್ಟು ಕಡಿಮೆ, ಆದರೆ ಸಾಗಬೇಕಾದ ದೂರ 37 ಪಟ್ಟು ಹೆಚ್ಚು. ಗುಣಲಬ್ಧ ಬದಲಾಗಲಿಲ್ಲ. 550 ಮೀಟರ್ ಎತ್ತರಕ್ಕೆ ಸಲ್ಲಬೇಕಾದದ್ದು ಯಾವ ದಾರಿಯಲ್ಲಿ ಹೋದರೂ 539 ಕೋಟಿ ಜೂಲ್, ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಸುಮಾರು 1,500 ಯೂನಿಟ್. ತಿಂಗಳಿಗೆ 250 ಯೂನಿಟ್ ಬಳಸುವ ಮನೆಗೆ ಆರು ತಿಂಗಳ ವಿದ್ಯುತ್ತು. ಹಳಿಯ ಘರ್ಷಣೆ, ಗಾಳಿಯ ತಡೆ ಬೇರೆ.

ಇಲ್ಲೇ ಸಾಮರ್ಥ್ಯವೂ ಬರುತ್ತದೆ. ಅದೇ ರೈಲು ತಾಸಿಗೆ 25 ಕಿಲೋಮೀಟರ್ ಜವದಲ್ಲಿ ಏರಬೇಕೆಂದರೆ, ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್, ಬಲವನ್ನು ಜವದಿಂದ ಗುಣಿಸಿ: 18 ಲಕ್ಷ ವ್ಯಾಟ್‌ಗೂ ಮೇಲೆ. ನಿಧಾನಕ್ಕೆ ಏರಿದರೆ ಕಡಿಮೆ ಸಾಮರ್ಥ್ಯ ಸಾಕು, ಕೆಲಸ ಅಷ್ಟೇ ಇರುತ್ತದೆ. ಹಿಂದಿನ ಎಂಜಿನ್ ಬಂದದ್ದು ಬಲವನ್ನೂ ಸಾಮರ್ಥ್ಯವನ್ನೂ ಹೆಚ್ಚಿಸಲು. ಘಾಟ್‌ನ ಎತ್ತರವನ್ನು ಅದು ಒಂದು ಅಂಗುಲವೂ ಕಡಿಮೆ ಮಾಡಲಾರದು.

ಮೆಟ್ಟಿಲಿನ ಪ್ರಯೋಗ

ಈ ಪ್ರಯೋಗವನ್ನು ದಯವಿಟ್ಟು ತಪ್ಪಿಸಬೇಡಿ. ಮಳೆಗಾಲದಲ್ಲಿ ಒದ್ದೆ ಮೆಟ್ಟಿಲ ಮೇಲೆ ಬೇಡ. ಹೃದಯದ ತೊಂದರೆ, ಮೊಣಕಾಲು ನೋವು ಇರುವವರು ಗಡಿಯಾರ ಹಿಡಿದು ನಿಲ್ಲಲಿ, ಓಡುವುದು ಬೇಡ.

ಒಂದು ಮೆಟ್ಟಿಲಿನ ಎತ್ತರವನ್ನು ಟೇಪಿನಿಂದ ಅಳೆಯಿರಿ. ಮೂರು ನಾಲ್ಕು ಮೆಟ್ಟಿಲು ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು, ಹಳೆಯ ಚಾಳುಗಳಲ್ಲಿ ಎಲ್ಲ ಮೆಟ್ಟಿಲೂ ಒಂದೇ ಸಮ ಇರುವುದಿಲ್ಲ. 17 ಸೆಂಟಿಮೀಟರ್ ಬಂತೆನ್ನೋಣ. ನಾಲ್ಕು ಮಾಳಿಗೆಗೆ 72 ಮೆಟ್ಟಿಲು. ಒಟ್ಟು ಎತ್ತರ 12.24 ಮೀಟರ್. ಮೆಟ್ಟಿಲಿನ ಅಗಲ, ನಡುವಿನ ತಿರುವು, ಇವು ಲೆಕ್ಕಕ್ಕೆ ಬೇಡ, ಭೋರ್ ಘಾಟ್‌ನಲ್ಲಿ ಕಂಡ ಕಾರಣಕ್ಕೇ.

ಈಗ ತಾಯಿ, ಮಗ ಇಬ್ಬರೂ ಏರಲಿ. ತಾಯಿಯ ತೂಕ 60 ಕಿಲೊ, ತರಕಾರಿ ತಂದ ದಿನದ ಹಾಗೆ ಸಾವಕಾಶವಾಗಿ 72 ಸೆಕೆಂಡಿನಲ್ಲಿ ಏರಿದರು. ಮಗ 45 ಕಿಲೊ, 24 ಸೆಕೆಂಡಿನಲ್ಲಿ ಓಡಿದ. ತಾಯಿಯ ಕೆಲಸ 60 × 9.8 × 12.24, ಹತ್ತಿರ ಹತ್ತಿರ 7,200 ಜೂಲ್. ಮಗನದು ಸುಮಾರು 5,400. ಕಾಲದಿಂದ ಭಾಗಿಸಿ: ತಾಯಿಯ ಸಾಮರ್ಥ್ಯ 100 ವ್ಯಾಟ್, ಮಗನದು 225.

ಈ ನಾಲ್ಕು ಅಂಕಿಗಳನ್ನು ಮಗು ತುಸು ಹೊತ್ತು ನೋಡುತ್ತ ಕೂರಲಿ. ಹೆಚ್ಚು ಕೆಲಸ ಮಾಡಿದವರು ತಾಯಿ. ಹೆಚ್ಚು ಸಾಮರ್ಥ್ಯ ತೋರಿಸಿದವನು ಮಗ. ಕೆಲಸಕ್ಕೂ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸವನ್ನು ನಾನು ಎಷ್ಟೋ ಬಗೆಯಲ್ಲಿ ಹೇಳಿ ನೋಡಿದ್ದೇನೆ, ಸ್ವಂತ ಕಾಲಿನಿಂದ ಬಂದ ಈ ಅಂಕಿಗಳಷ್ಟು ಯಾವುದೂ ಉಳಿಯುವುದಿಲ್ಲ. ಹಳೆಯ ಪಂಪುಗಳ ಮೇಲೆ ಬರೆದಿರುವ 'ಎಚ್.ಪಿ.'ಯನ್ನೂ ಈಗಲೇ ತೋರಿಸಿ. ಗಣಿ, ಗಿರಣಿಗಳಲ್ಲಿ ಕುದುರೆ ಮಾಡುತ್ತಿದ್ದ ಕೆಲಸವನ್ನು ತನ್ನ ಉಗಿ ಎಂಜಿನ್ ಎಷ್ಟರ ಮಟ್ಟಿಗೆ ಮಾಡುತ್ತದೆ ಎಂದು ಗಿರಾಕಿಗಳಿಗೆ ತಿಳಿಸಲು ಜೇಮ್ಸ್ ವ್ಯಾಟ್ ಬಳಸಿದ ಅಳತೆ ಅದು. ಒಂದು ಅಶ್ವಸಾಮರ್ಥ್ಯ ಎಂದರೆ 746 ವ್ಯಾಟ್. ನಮ್ಮ ಹುಡುಗ ಓಡಿದಷ್ಟು ಹೊತ್ತು ಕುದುರೆಯ ಮೂರನೆಯ ಒಂದು ಪಾಲಿಗೆ ಸ್ವಲ್ಪ ಕಡಿಮೆ.

ಇನ್ನು ಇಡ್ಲಿಯ ಲೆಕ್ಕ. ಒಂದು ಸಾಧಾರಣ ಇಡ್ಲಿಯಲ್ಲಿ 40ರ ಆಸುಪಾಸು ಕಿಲೊಕ್ಯಾಲೊರಿ ಇರುತ್ತದೆ. ಒಂದು ಕಿಲೊಕ್ಯಾಲೊರಿ ಎಂದರೆ ಒಂದು ಕಿಲೊ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಕ್ತಿ, 4,186 ಜೂಲ್. ತಾಯಿಯ 7,200 ಜೂಲ್ ಎರಡು ಕಿಲೊಕ್ಯಾಲೊರಿಯೂ ಆಗುವುದಿಲ್ಲ. ಆದರೆ ನಮ್ಮ ಸ್ನಾಯು ತಿಂದ ಶಕ್ತಿಯ ಸುಮಾರು ಕಾಲು ಭಾಗವನ್ನಷ್ಟೇ ಕೆಲಸವಾಗಿಸುತ್ತದೆ, ಉಳಿದದ್ದು ಮೈಬಿಸಿ. ಆದ್ದರಿಂದ ದೇಹದ ಖರ್ಚು ಏಳು ಕಿಲೊಕ್ಯಾಲೊರಿಯ ಹತ್ತಿರ. ಒಂದು ಇಡ್ಲಿ ಕರಗಬೇಕಾದರೆ ನಾಲ್ಕು ಮಾಳಿಗೆಯನ್ನು ಐದಾರು ಸಲ ಏರಬೇಕು.

ಶಾಖ ಎಂಬ ದೊಡ್ಡ ಖಾತೆ

ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದೊಡ್ಡ ಗ್ರೈಂಡರ್ ತಿರುಗುವುದನ್ನು ನೋಡಿದ್ದೀರಾ? ಉದ್ದಿನಬೇಳೆ ನುಣ್ಣಗಾಗುತ್ತ ಬಂದ ಹಾಗೆ ಭಟ್ಟರು ಹಿಟ್ಟಿಗೆ ಬೆರಳು ತಾಗಿಸಿ ನೋಡುತ್ತಾರೆ. ಬೆಚ್ಚಗಾಯಿತೆನಿಸಿದರೆ ತಣ್ಣೀರು, ಕೆಲವೆಡೆ ಮಂಜುಗಡ್ಡೆಯ ಚೂರು ಹಾಕುತ್ತಾರೆ. ಕೆಳಗೆ ಒಲೆಯಿಲ್ಲ, ಹಿಟ್ಟು ಬಿಸಿಯಾಗುವುದು ಎಲ್ಲಿಂದ? ಕಲ್ಲು ಹಿಟ್ಟಿನ ಮೇಲೆ ಮಾಡಿದ ಕೆಲಸವೇ ಶಾಖವಾಗುತ್ತದೆ. ಮೋಟರಿನಿಂದ 500 ವ್ಯಾಟ್‌ನಂತೆ 20 ನಿಮಿಷ ಹಿಟ್ಟಿಗೆ ಸಂದರೆ 6 ಲಕ್ಷ ಜೂಲ್. ಹತ್ತು ಕಿಲೊ ಹಿಟ್ಟನ್ನು ನೀರೆಂದೇ ಹಿಡಿದರೂ, ಶಾಖ ಎಲ್ಲೂ ಸೋರದಿದ್ದರೆ, 14 ಡಿಗ್ರಿ ಏರಬೇಕು. ಕಲ್ಲು, ಪಾತ್ರೆ, ಗಾಳಿ ಒಂದಷ್ಟನ್ನು ಕೊಂಡೊಯ್ಯುತ್ತವೆ, ಆದ್ದರಿಂದ ಅಷ್ಟು ಏರುವುದಿಲ್ಲ.

ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ 1818ರಲ್ಲಿ ಹುಟ್ಟಿದ ಜೇಮ್ಸ್ ಜೂಲ್ 1840ರ ದಶಕದಲ್ಲಿ ಮಾಡಿದ್ದೂ ಸಾರಾಂಶದಲ್ಲಿ ಇದನ್ನೇ. ಬಿಯರ್ ತಯಾರಿಸುವ ಮನೆತನದವನು. ನೀರು ತುಂಬಿದ ಪಾತ್ರೆಯೊಳಗೆ ರೆಕ್ಕೆಗಳಿದ್ದ ಒಂದು ಕಡೆಗೋಲು, ಅದನ್ನು ತಿರುಗಿಸಲು ದಾರಕ್ಕೆ ಕಟ್ಟಿದ ತೂಕ. ತೂಕ ಕೆಳಗಿಳಿದಂತೆ ಕಡೆಗೋಲು ತಿರುಗಿ ನೀರು ಕದಡುತ್ತಿತ್ತು, ನೀರಿನ ಉಷ್ಣತೆ ಕೂದಲೆಳೆಯಷ್ಟು ಏರುತ್ತಿತ್ತು. ತೂಕ ಇಳಿದ ಎತ್ತರದಿಂದ ಕೆಲಸ, ಉಷ್ಣಮಾಪಕದಿಂದ ಶಾಖ. ಇವೆರಡರ ನಡುವೆ ಅವನು ಕಂಡ ಸಂಬಂಧ ಇಂದಿನ ಮಾನದಲ್ಲಿ ಕ್ಯಾಲೊರಿಗೆ ಸುಮಾರು 4.15 ಜೂಲ್. ಇಂದು ನಾವು ಒಪ್ಪುವ ಬೆಲೆ 4.186. ಕೈಯಲ್ಲಿ ಮಾಡಿದ ಆ ಉಪಕರಣದಿಂದ ಇಷ್ಟು ಹತ್ತಿರ ಬಂದದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಅಂಕಿಯ ಭಾರ ತಿಳಿಯಲು ಗೋವಾದ ಗಡಿಯ ದೂಧ್‌ಸಾಗರ್ ಜಲಪಾತವನ್ನು ನೆನೆಯಿರಿ. ಎತ್ತರ 310 ಮೀಟರ್. ಅಷ್ಟು ಎತ್ತರದಿಂದ ಬಿದ್ದ ನೀರಿನ ಪೂರ್ತಿ ಪ್ರಚ್ಛನ್ನ ಶಕ್ತಿ, ಅಂದರೆ ಎತ್ತರದಲ್ಲಿದ್ದುದರಿಂದ ಅದರಲ್ಲಿ ಕೂಡಿದ್ದ ಶಕ್ತಿ, ಅದೇ ನೀರಿನಲ್ಲಿ ಶಾಖವಾಗಿ ಉಳಿದರೂ ಉಷ್ಣತೆ ಏರುವುದು 0.73 ಡಿಗ್ರಿ. ಒಂದು ಡಿಗ್ರಿ ಏರಲು 427 ಮೀಟರ್ ಬೀಳಬೇಕು. ಎತ್ತುವುದು ಅಗ್ಗ, ಕಾಯಿಸುವುದು ತುಟ್ಟಿ.

ಇದರ ಪರಿಣಾಮ ನಿಮ್ಮ ಕಟ್ಟಡದಲ್ಲೇ ಇದೆ. ನೆಲದಡಿಯ ಟಾಕಿಯಿಂದ ಗಚ್ಚಿಯ ಮೇಲಿನ ಟಾಕಿಗೆ 24 ಮೀಟರ್, ನೀರು 10,000 ಲೀಟರ್. ಎತ್ತುವ ಕೆಲಸ 23.5 ಲಕ್ಷ ಜೂಲ್. ಪಂಪು, ಮೋಟರು ಸೇರಿ ಅರ್ಧದಷ್ಟು ಶಕ್ತಿ ವ್ಯರ್ಥವಾಗುತ್ತದೆ ಎಂದು ಹಿಡಿದರೂ ಖರ್ಚು 1.3 ಯೂನಿಟ್. ಅದೇ ನೀರಿನಲ್ಲಿ ಬರೀ 15 ಲೀಟರನ್ನು ಗೀಸರ್‌ನಲ್ಲಿ 25 ಡಿಗ್ರಿಯಿಂದ 55ಕ್ಕೆ ಕಾಯಿಸಲು 18.8 ಲಕ್ಷ ಜೂಲ್, ಅರ್ಧ ಯೂನಿಟ್‌ಗೂ ಮೇಲೆ. ಇಡೀ ಕಟ್ಟಡದ ನೀರನ್ನು ಏಳು ಮಾಳಿಗೆ ಎತ್ತಿದ ಖರ್ಚು ಎರಡೂವರೆ ಗೀಸರ್‌ಗೆ ಸಮ. ಬಿಲ್ಲು ಇಳಿಸಬೇಕೆನ್ನುವವರು ಮೊದಲು ಕಾಯಿಸುವ ಸಾಮಾನುಗಳನ್ನು ನೋಡಬೇಕು: ಗೀಸರ್, ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆ.

ಗೀಸರ್ ಇನ್ನೊಂದು ಪಾಠವನ್ನೂ ಕೊಡುತ್ತದೆ. 2 ಕಿಲೊವ್ಯಾಟ್‌ನ ಗೀಸರ್ ಆ 15 ಲೀಟರನ್ನು 16 ನಿಮಿಷದಲ್ಲಿ ಕಾಯಿಸಿದರೆ 3 ಕಿಲೊವ್ಯಾಟ್‌ನದು ಹತ್ತೂವರೆ ನಿಮಿಷದಲ್ಲಿ ಕಾಯಿಸುತ್ತದೆ. ಯೂನಿಟ್ ಎರಡರಲ್ಲೂ ಒಂದೇ. "ದೊಡ್ಡ ಗೀಸರ್ ಹೆಚ್ಚು ಕರೆಂಟು ತಿನ್ನುತ್ತದೆ" ಎಂಬ ಮಾತಿನಲ್ಲಿ ಸಾಮರ್ಥ್ಯ ಮತ್ತು ಶಕ್ತಿ ಕಲಸಿಹೋಗಿವೆ. ಬಿಸಿಯಾದ ಮೇಲೂ ಉರಿಯಲು ಬಿಟ್ಟರೆ ಅದು ಬೇರೆ ಮಾತು.

ಓಡುವ ಲೋಕಲ್‌ನಿಂದ ಇಳಿಯುವವರಿಗೆ

ಚಲಿಸುವ ವಸ್ತುವಿನಲ್ಲಿರುವ ಶಕ್ತಿಯೇ ಚಲನಶಕ್ತಿ. ಅದರ ಸೂತ್ರವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ: ದ್ರವ್ಯರಾಶಿಯ ಅರ್ಧವನ್ನು ಜವದ ವರ್ಗದಿಂದ ಗುಣಿಸಬೇಕು. ಆ 'ವರ್ಗ' ಎಂಬ ಪದ ಮುಂಬಯಿಯಲ್ಲಿ ಜೀವ ಉಳಿಸುವ ಪದ. ಆದ್ದರಿಂದ ನಾನು ಇದನ್ನು ಲೋಕಲ್ ರೈಲಿನಿಂದಲೇ ಕಲಿಸುತ್ತೇನೆ.

60 ಕಿಲೊದ ಮನುಷ್ಯ. ರೈಲು ನಿಲ್ಲುವ ಮೊದಲೇ, ತಾಸಿಗೆ 18 ಕಿಲೋಮೀಟರ್ ಜವ ಇರುವಾಗ ಧುಮುಕಿದ ಎನ್ನಿ. ಸೆಕೆಂಡಿಗೆ 5 ಮೀಟರ್. ಅವನ ದೇಹದಲ್ಲಿರುವ ಚಲನಶಕ್ತಿ 750 ಜೂಲ್, 1.3 ಮೀಟರ್ ಎತ್ತರದಿಂದ ಬಿದ್ದಷ್ಟು. ಜವ ಇಮ್ಮಡಿಯಾಗಿ 36 ಆದರೆ ಶಕ್ತಿ ನಾಲ್ಮಡಿ, 3,000 ಜೂಲ್. ಐದು ಮೀಟರ್‌ಗೂ ಮೇಲಿಂದ ಬಿದ್ದಷ್ಟು. 72 ಆದರೆ 12,000 ಜೂಲ್, 20 ಮೀಟರ್ ಎತ್ತರ. ಎರಡನೆಯ ಮಾಳಿಗೆಯಿಂದ ಹಾರಲು ಯಾರೂ ಒಪ್ಪುವುದಿಲ್ಲ, ಆದರೆ ಅಷ್ಟೇ ಶಕ್ತಿಯನ್ನು ಮೈಯಲ್ಲಿಟ್ಟುಕೊಂಡು ಬಾಗಿಲಿನಿಂದ ಕಾಲು ಕೆಳಗಿಡುತ್ತಾರೆ.

ಆ 3,000 ಜೂಲ್ ಎಲ್ಲಿಗಾದರೂ ಹೋಗಲೇಬೇಕು. ಪ್ಲಾಟ್‌ಫಾರಂ ಅರ್ಧ ಮೀಟರ್‌ನೊಳಗೆ ದೇಹವನ್ನು ನಿಲ್ಲಿಸಿತು ಎಂದರೆ ಬಲ 6,000 ನ್ಯೂಟನ್, ಆರುನೂರು ಕಿಲೊ ಭಾರದಷ್ಟು. ನಿಲ್ಲುವ ದೂರ ಕಡಿಮೆಯಾದಷ್ಟೂ ಬಲ ಹೆಚ್ಚು. ಕೆಲಸವೆಂದರೆ ಚಲನಶಕ್ತಿಯಲ್ಲಾದ ಬದಲಾವಣೆ ಎಂಬ ನಿಯಮ ಇಲ್ಲಿ ಮೂಳೆಯ ಭಾಷೆಯಲ್ಲಿದೆ. ಈ ಲೆಕ್ಕವನ್ನು ಮಕ್ಕಳಿಂದ ಬರೆಸಿ ಮನೆಯ ಬಾಗಿಲ ಹಿಂದೆ ಅಂಟಿಸಿ ಎಂದು ನಾನು ಎಲ್ಲ ಪಾಲಕರಿಗೂ ಹೇಳುತ್ತೇನೆ.

ರೈಲೂ ತನ್ನ ಚಲನಶಕ್ತಿಯನ್ನು ಪ್ರತಿ ನಿಲ್ದಾಣದಲ್ಲಿ ಇಳಿಸಬೇಕು. ಹಳೆಯ ರೈಲುಗಳಲ್ಲಿ ಅದು ಬ್ರೇಕಿನ ಶಾಖವಾಗಿ ಹಾಳಾಗುತ್ತಿತ್ತು. ಈಗಿನ ಲೋಕಲ್‌ಗಳಲ್ಲಿ ಬ್ರೇಕ್ ಹಾಕಿದಾಗ ಮೋಟರೇ ಜನರೇಟರ್ ಆಗಿ ತಿರುಗಿ ಒಂದು ಪಾಲನ್ನು ಮೇಲಿನ ತಂತಿಗೆ ಹಿಂದಿರುಗಿಸುತ್ತದೆ.

ಬಿಲ್ಲನ್ನು ಓದುವುದು

ಕೊನೆಯ ಹೆಜ್ಜೆಗೆ ಹಳೆಯ ಬಿಲ್ಲು ತೆಗೆಯಿರಿ. ಒಂದು ಯೂನಿಟ್ ಎಂದರೆ ಒಂದು ಕಿಲೊವ್ಯಾಟ್ ಅವರ್. ಸಾವಿರ ವ್ಯಾಟ್ ಒಂದು ತಾಸು ನಡೆದರೆ ಆಗುವ ಶಕ್ತಿ, 36 ಲಕ್ಷ ಜೂಲ್. ಹೆಸರಿನಲ್ಲಿ 'ವ್ಯಾಟ್' ಇದ್ದ ಮಾತ್ರಕ್ಕೆ ಅದು ಸಾಮರ್ಥ್ಯವಲ್ಲ, ಕಾಲದಿಂದ ಗುಣಿಸಿ ಆಗಿದೆ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಹೋಗುವುದು ಇಲ್ಲಿ ಮತ್ತು ನಿಮಿಷವನ್ನು ಸೆಕೆಂಡಿಗೆ ತರುವುದನ್ನು ಮರೆಯುವಲ್ಲಿ. ತಾಸಿಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರ್ ಮಾಡಲು 18ರಿಂದ ಭಾಗಿಸಿ 5ರಿಂದ ಗುಣಿಸುವುದನ್ನೂ ರೂಢಿ ಮಾಡಿಸಿ.

ಒಂದು ಯೂನಿಟ್ ಎಷ್ಟು ದೊಡ್ಡದು ಎಂಬುದಕ್ಕೆ ಮತ್ತೆ ಘಾಟ್‌ಗೇ ಹೋಗಬೇಕು. ಲೋಣಾವಳದ ಸುತ್ತಲಿನ ಕೆರೆಗಳಲ್ಲಿ ನಿಂತ ಮಳೆನೀರನ್ನು ಕೊಳವೆಗಳಲ್ಲಿ ಖೋಪೋಲಿಗೆ ಇಳಿಸಿ ವಿದ್ಯುತ್ತು ತೆಗೆಯುವ ಟಾಟಾ ಕೇಂದ್ರ 1915ರಲ್ಲಿ ಶುರುವಾಯಿತು. ಅಲ್ಲಿನ ವಿದ್ಯುತ್ತು ಬಂದದ್ದು ಮುಂಬಯಿಯ ಬಟ್ಟೆ ಗಿರಣಿಗಳಿಗೆ. ನೀರು ಬೀಳುವ ಎತ್ತರವನ್ನು 500 ಮೀಟರ್ ಎಂದು ಹಿಡಿದರೆ ಒಂದು ಯೂನಿಟ್‌ಗೆ 735 ಲೀಟರ್ ನೀರು ಇಳಿಯಬೇಕು, ಅದೂ ಯಂತ್ರದಲ್ಲಿ ಒಂದಿಷ್ಟೂ ನಷ್ಟವಾಗದಿದ್ದರೆ.

ಅಭ್ಯಾಸಕ್ಕೆ ಮೂರು ಲೆಕ್ಕ. ಒಂದು: 75 ವ್ಯಾಟ್‌ನ ಫ್ಯಾನ್ ರಾತ್ರಿ ಹತ್ತು ತಾಸು ತಿರುಗಿತು, ಎಷ್ಟು ಯೂನಿಟ್? ಎರಡು: ಅದೇ ಫ್ಯಾನಿಗಾಗಿ ಘಾಟ್‌ನಿಂದ ಎಷ್ಟು ಲೀಟರ್ ನೀರು ಇಳಿಯಬೇಕು? ಮೂರು: ಅಷ್ಟು ನೀರನ್ನು 20 ಲೀಟರ್ ಬಕೆಟ್‌ನಲ್ಲಿ ನಾಲ್ಕನೆಯ ಮಾಳಿಗೆಗೆ, 12.24 ಮೀಟರ್ ಎತ್ತರಕ್ಕೆ, ನೀವೇ ಹೊತ್ತರೆ ನೀರಿನ ಮೇಲೆ ಮಾಡಿದ ಕೆಲಸ ಎಷ್ಟು, ಎಷ್ಟು ಸಲ ಏರಬೇಕು? ಮೊದಲಿನದಕ್ಕೆ ಉತ್ತರ 0.75 ಯೂನಿಟ್. ಎರಡನೆಯದಕ್ಕೆ ಸುಮಾರು 551 ಲೀಟರ್. ಮೂರನೆಯದಕ್ಕೆ ಸುಮಾರು 66,000 ಜೂಲ್, 28 ಸಲ. ಇದರಲ್ಲಿ ಹೊರುವವರ ಸ್ವಂತ ತೂಕವನ್ನು ಎತ್ತಿದ ಕೆಲಸ ಸೇರಿಲ್ಲ. ಅದನ್ನು ಕೂಡಿಸಲು ಮನೆಯ ತೂಕದ ಯಂತ್ರದ ಮೇಲೆ ಒಮ್ಮೆ ನಿಂತು ಬನ್ನಿ.